ಅಜ್ಜಿಯ ಬೆನ್ನಿಗೆ ಎಷ್ಟು ಕಿಲೋ?

ಮಕ್ಕಳೇ, ನಿಮ್ಮ ಶಾಲೆಯ ಬ್ಯಾಗು ಎಷ್ಟು ತೂಗಬೇಕು ಎಂಬುದಕ್ಕೆ ಸರ್ಕಾರದ ಆದೇಶವೇ ಇದೆ. 2019ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆ ಆದೇಶದಂತೆ ಒಂದು ಮತ್ತು ಎರಡನೇ ತರಗತಿಯವರ ಬ್ಯಾಗು 2 ಕಿಲೋ ದಾಟಬಾರದು. ಒಂಬತ್ತು ಮತ್ತು ಹತ್ತನೇ ತರಗತಿಯವರದು 5 ಕಿಲೋ ದಾಟಬಾರದು. ಅದರ ಹಿಂದಿರುವ ಲೆಕ್ಕ ಸುಲಭ. ಹೊರುವವರ ಮೈತೂಕದಲ್ಲಿ ಹತ್ತನೇ ಒಂದು ಪಾಲಿಗಿಂತ ಚೀಲ ಭಾರವಿರಬಾರದು. 30 ಕಿಲೋ ತೂಗುವ ಹುಡುಗನಿಗೆ 3 ಕಿಲೋ, ಅಷ್ಟೆ.

ಈಗ ಇದೇ ಲೆಕ್ಕವನ್ನು ಅಜ್ಜಿಗೆ ಹಾಕಿ ನೋಡಿ. ಅಜ್ಜಿ 55 ಕಿಲೋ ಇದ್ದರೆ ಅವರ ಪಾಲಿಗೆ ಬರುವುದು ಐದೂವರೆ ಕಿಲೋ. ಆದರೆ ಅದೇ ಅಜ್ಜಿ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಾಗ ಮನೆಯವರೆಲ್ಲ ಸೇರಿ ಕಟ್ಟಿಕೊಡುವುದೇನು? 23 ಕಿಲೋದ ಎರಡು ಪೆಟ್ಟಿಗೆ, ಕೈಯಲ್ಲಿ ಇನ್ನೊಂದು 7 ಕಿಲೋ. ಕೂಡಿಸಿದರೆ 53. ಹೆಚ್ಚುಕಡಿಮೆ ಇನ್ನೊಬ್ಬ ಅಜ್ಜಿ!

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋದರೂ ಬೀದಿಗೊಂದು ಮನೆಯ ಮಗನೋ ಮಗಳೋ ಈಗ ಹೊರದೇಶದಲ್ಲಿ ಇದ್ದಾರೆ. ತಿರುಪತಿಗೆ ಹೋಗಿಬಂದದ್ದೇ ದೂರದ ಪ್ರಯಾಣ ಎಂದುಕೊಂಡಿದ್ದ ಅಜ್ಜಿ ತಾತಂದಿರು ದೇವನಹಳ್ಳಿಯಲ್ಲಿ ವಿಮಾನ ಹತ್ತುತ್ತಿದ್ದಾರೆ. ತಿರುಪತಿಗೆ ಅವರು ಏನು ಒಯ್ಯುತ್ತಿದ್ದರು, ಕೇಳಿ ನೋಡಿ. ಒಂದು ಜೊತೆ ಬಟ್ಟೆ, ಒಂದು ಟವೆಲು, ಬುತ್ತಿಗೆ ಪುಳಿಯೋಗರೆ. ಒಂದೇ ಕೈಚೀಲ. ಹಗುರವಾಗಿ ಹೋಗುವುದು ಅವರಿಗೆ ಹೊಸ ವಿದ್ಯೆಯಲ್ಲ. ವಿಮಾನದ ಟಿಕೆಟ್ಟಿನಲ್ಲಿ ಇಷ್ಟು ಕಿಲೋ ಒಯ್ಯಬಹುದು ಎಂದು ಬರೆದಿರುವುದನ್ನು ಇಷ್ಟು ಕಿಲೋ ಒಯ್ಯಲೇಬೇಕು ಎಂದು ಓದಿಕೊಂಡವರು ನಡುವಿನ ತಲೆಮಾರಿನವರು. ಅಪ್ಪ ಅಮ್ಮಂದಿರು ಕೋಪಿಸಿಕೊಳ್ಳಬಾರದು.

ಮುಳಬಾಗಿಲಿನ ಒಬ್ಬ ಅಜ್ಜಿ, ನಿವೃತ್ತ ಮೇಷ್ಟರಮ್ಮ, ಸಿಂಗಪುರದ ಮಗನ ಮನೆಗೆ ಮೂರು ವಾರಕ್ಕೆ ಹೋಗಿಬಂದರು. ಒಬ್ಬರೇ. ಒಯ್ದದ್ದು ಎಂಟನೇ ತರಗತಿಯ ಮೊಮ್ಮಗಳ ಹಳೇ ಶಾಲೆ ಬ್ಯಾಗು. ಕಟ್ಟಿಕೊಟ್ಟವಳೂ ಆ ಮೊಮ್ಮಗಳೇ. ಹಾಸಿಗೆಯ ಮೇಲೆ ಎಲ್ಲವನ್ನೂ ಹರಡಿ ಒಂದೊಂದಕ್ಕೂ ಎರಡೇ ಪ್ರಶ್ನೆ ಕೇಳಿದಳಂತೆ.

“ಅಜ್ಜೀ, ಇದು ಅಲ್ಲಿ ಸಿಗಲ್ವಾ?”

“ಸಿಗತ್ತೇನೋ. ಇರಲಿ ಬಿಡೇ, ಯಾವುದಕ್ಕೂ ಇರಲಿ.”

“ಎರಡು ಸಲಕ್ಕಿಂತ ಜಾಸ್ತಿ ಉಪಯೋಗಿಸ್ತೀಯಾ?”

ಅಲ್ಲಿಗೆ ಅಜ್ಜಿ ಸುಮ್ಮನಾಗುತ್ತಿದ್ದರಂತೆ. ಸ್ಟೀಲ್ ಡಬ್ಬಿ ಹೋಯಿತು, ಎರಡನೇ ಜೊತೆ ಚಪ್ಪಲಿ ಹೋಯಿತು, ಸಣ್ಣ ಕುಟ್ಟಾಣಿ ಹೋಯಿತು (ಹೌದು, ಕುಟ್ಟಾಣಿ ಇಟ್ಟುಕೊಂಡಿದ್ದರು). ದೊಡ್ಡ ಜಗಳ ನಡೆದದ್ದು ಜರಿಯ ರೇಷ್ಮೆ ಸೀರೆಗೆ. ಅದೊಂದೇ ಮುಕ್ಕಾಲು ಕಿಲೋ ಮೇಲಿತ್ತು. “ಅಲ್ಲಿ ಯಾರಾದರೂ ಊಟಕ್ಕೆ ಕರೆದರೆ?” ಎಂದು ಅಜ್ಜಿ. “ಅತ್ತೆಯ ಬೀರುವಿನಲ್ಲಿ ರೇಷ್ಮೆ ಸೀರೆ ಇಲ್ವಾ?” ಎಂದು ಹುಡುಗಿ. ಸೀರೆ ಮನೆಯಲ್ಲೇ ಉಳಿಯಿತು. ಉಟ್ಟ ಸೀರೆ ಬಿಟ್ಟು ಚೀಲಕ್ಕೆ ಹೋದದ್ದು ಎರಡು ತೆಳು ನೂಲಿನ ಸೀರೆ, ಎರಡು ರವಿಕೆ, ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುವ ಒಳಬಟ್ಟೆ, ಒಂದು ಶಾಲು. ಸ್ವೆಟರು ಮೈಮೇಲೆಯೇ ಹೋಯಿತು. ವಿಮಾನದೊಳಗೆ ಹೇಗೂ ಚಳಿ.

ತೂಗುವುದಕ್ಕೆ ದೊಡ್ಡ ಕಾಟಾ ಬೇಕಿಲ್ಲ. ನಿಂತು ತೂಕ ನೋಡುವ ಮೆಷಿನ್ನಿನ ಮೇಲೆ ಮೊದಲು ನೀವು ಒಬ್ಬರೇ ನಿಲ್ಲಿ, ಆಮೇಲೆ ಚೀಲ ಹಾಕಿಕೊಂಡು ನಿಲ್ಲಿ, ಕಳೆಯಿರಿ. ಆ ಅಜ್ಜಿಯ ಚೀಲ ಐದು ಕಿಲೋ ಚಿಲ್ಲರೆ ಬಂತು. ಖಾಲಿ ಚೀಲದ ತೂಕವೂ ಇದರಲ್ಲಿ ಸೇರಿದೆ ಎಂಬುದನ್ನು ಮರೆಯಬೇಡಿ. ಚಕ್ರದ ಪೆಟ್ಟಿಗೆ ಖಾಲಿ ಇದ್ದಾಗಲೇ ಎರಡು ಮೂರು ಕಿಲೋ ತೂಗುತ್ತದೆ. ಹೇಳಿದಂತಾಯಿತು: ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕನ್ ತನ್ನ ಚಕ್ರದ ಸೂಟ್‌ಕೇಸಿಗೆ ಪೇಟೆಂಟ್ ಪಡೆದದ್ದು ಅದಾದ ಮೇಲೆ, 1972ರಲ್ಲಿ! ಚಕ್ರ ಒಳ್ಳೆಯದೇ. ಆದರೆ ಮೆಟ್ಟಿಲು ಬಂದಾಗ, ತಲೆಯ ಮೇಲಿನ ಗೂಡಿಗೆ ಎತ್ತಿಡಬೇಕಾದಾಗ ಅದು ನೆರವಿಗೆ ಬರುವುದಿಲ್ಲ. ಎರಡೂ ಕೈ ಬಿಡುವಾಗಿ ಇರುವುದು ವಯಸ್ಸಾದವರಿಗೆ ಬಹಳ ಮುಖ್ಯ. ಒಂದು ಕೈ ಕಂಬಿ ಹಿಡಿಯಲು, ಇನ್ನೊಂದು ಪಾಸ್‌ಪೋರ್ಟಿಗೆ.

ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್ಲಿನಿಂದ ಹೊರಡುತ್ತಿವೆ. ನೋಡಲು ತೋಟದ ಹಾಗೆ ಚೆನ್ನಾಗಿದೆ, ನಡಿಗೆಯೂ ಸಾಕಷ್ಟಿದೆ. ದಾರಿಯಲ್ಲಿ ವಿಮಾನ ಬದಲಿಸಬೇಕಾದವರಿಗೆ ಅಲ್ಲಿ ಇನ್ನೊಂದು ನಡಿಗೆ. ಮಂಡಿನೋವಿನವರು ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ಹೇಳಿಡಬೇಕು. ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಕುರ್ಚಿಯಲ್ಲಿ ಕೂತಾಗ ಚೀಲ ತೊಡೆಯ ಮೇಲೆ ಬರುತ್ತದೆ. ಅಲ್ಲೂ ಹಗುರವಾದದ್ದೇ ಮೇಲು.

ಇಷ್ಟು ಹೇಳಿದರೂ ದೊಡ್ಡ ಪೆಟ್ಟಿಗೆ ಬೇಕೇ ಬೇಕು ಎನ್ನುವವರು ಇದ್ದೇ ಇರುತ್ತಾರೆ. ಅವರು ಒಂದನ್ನು ಮಾತ್ರ ಕೇಳಲಿ. ಔಷಧಿ ಆ ಪೆಟ್ಟಿಗೆಯಲ್ಲಿ ಹೋಗಬಾರದು. ಪೆಟ್ಟಿಗೆ ಎರಡು ದಿನ ತಡವಾಗಿ ಬರಬಹುದು, ಬೇರೆ ಊರಿಗೇ ಹೋಗಿಬಿಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಲ್ಲಿಯವರೆಗೆ ಕಾಯುವುದಿಲ್ಲ. ಇರುವಷ್ಟು ದಿನಕ್ಕೆ, ಮೇಲೆ ಒಂದು ವಾರಕ್ಕೆ ಆಗುವಷ್ಟು ಮಾತ್ರೆ ಬೆನ್ನಿನ ಚೀಲದಲ್ಲೇ ಇರಲಿ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ. ಹೆಸರು ಕಾಣುವ ಸ್ಟ್ರಿಪ್ಪಿನಲ್ಲೇ ಇರಲಿ. ಡಾಕ್ಟರ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಮೂಲ ಹೆಸರನ್ನು ಎಲ್ಲ ಕಡೆಯ ಡಾಕ್ಟರೂ ಬಲ್ಲರು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಹತ್ತಿರವೇ ಇಟ್ಟುಕೊಳ್ಳಬೇಕು; ಸಾಮಾನಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಸೂಜಿಗೆ ಡಾಕ್ಟರ ಪತ್ರ ಜೊತೆಗಿರಲಿ.

ಕನ್ನಡಕ ಇನ್ನೊಂದು ಜೊತೆ, ಮೊಬೈಲಿನ ಚಾರ್ಜರು. ಪವರ್ ಬ್ಯಾಂಕ್ ಇದ್ದರೆ ಅದು ಕೈಚೀಲದಲ್ಲೇ ಇರಬೇಕು, ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಮಗನ ಮನೆಯ ವಿಳಾಸ, ಫೋನ್ ನಂಬರು ಇಂಗ್ಲಿಷಿನಲ್ಲಿ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದಿರಲಿ. ಮೊಬೈಲಿನಲ್ಲಿದೆಯಲ್ಲ ಎನ್ನಬೇಡಿ, ಅದು ಆರಿಹೋದಾಗಲೇ ವಿಳಾಸ ಬೇಕಾಗುವುದು. ಈ ಬರೆಯುವ ಕೆಲಸ ಮಕ್ಕಳದು.

ಇನ್ನು ಅಡುಗೆಮನೆ. ಜಗಳವೆಲ್ಲ ಇರುವುದು ಇಲ್ಲೇ.

ಉಪ್ಪಿನಕಾಯಿ, ತುಪ್ಪ, ಗೊಜ್ಜು ಇವೆಲ್ಲ ವಿಮಾನದ ಲೆಕ್ಕದಲ್ಲಿ ದ್ರವ. 2006ರ ಆಗಸ್ಟಿನಲ್ಲಿ, ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವರೂಪದ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾಯಿತು. ಅಂದಿನಿಂದ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯ ದ್ರವ ಬಿಡುವುದಿಲ್ಲ. ಹೊಸ ಯಂತ್ರ ಬಂದ ಕೆಲವು ನಿಲ್ದಾಣಗಳಲ್ಲಿ ಸಡಿಲಿಸಿದ್ದಾರೆ, ಆದರೆ ದಾರಿಯ ಎಲ್ಲ ನಿಲ್ದಾಣವೂ ಹಾಗಿಲ್ಲ. ಅಡಕತ್ತರಿ ಚೂಪಾದ ಸಾಮಾನು, ಅದೂ ಒಳಗೆ ಬರುವಂತಿಲ್ಲ. ಒಣಕೊಬ್ಬರಿಯ ಕಥೆ ಇನ್ನೂ ವಿಚಿತ್ರ. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ರಾಶಿ ಇಟ್ಟರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ಅದನ್ನು ಅಪಾಯದ ಸರಕುಗಳ ಪಟ್ಟಿಗೇ ಸೇರಿಸಿದ್ದಾರೆ. ಕೊಬ್ಬರಿ ಗಿಟುಕಿಗೂ ಒಂದು ಅಂತಾರಾಷ್ಟ್ರೀಯ ನಂಬರು ಇದೆ, 1363!

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಗಸಗಸೆಗೆ. ಪಾಯಸಕ್ಕೆ ಹಿಡಿಯಷ್ಟು ಗಸಗಸೆ ನಮಗೆ ಏನೂ ಅಲ್ಲ. ಆದರೆ ಅದು ಅಫೀಮು ಗಿಡದ ಬೀಜ. ದುಬೈ, ಸೌದಿ ಅರೇಬಿಯ, ಸಿಂಗಪುರದಲ್ಲಿ ಅದಕ್ಕೆ ನಿಷೇಧವಿದೆ. ಮಸಾಲೆ ಡಬ್ಬಿಯ ಮೂಲೆಯಲ್ಲಿ ಒಂದು ಪೊಟ್ಟಣ ಸಿಕ್ಕರೂ ಅಲ್ಲಿ ಪೊಲೀಸರ ಮುಂದೆ ನಿಲ್ಲಬೇಕಾಗಬಹುದು. ಅಜ್ಜಿ ಗಂಟು ಕಟ್ಟುವಾಗ ಯಾರಾದರೂ ಪಕ್ಕದಲ್ಲಿ ಕೂತು ಇದೊಂದನ್ನು ನೋಡಲೇಬೇಕು.

ಶ್ರೀನಿವಾಸಪುರದ ಮಕ್ಕಳು ಕೇಳುವ ಪ್ರಶ್ನೆ ನನಗೆ ಗೊತ್ತು. ಮಾವಿನಹಣ್ಣು? ಮನೆಯ ತೋಟದ ಬಾದಾಮಿ ಹಣ್ಣು ನಾಲ್ಕು ಇಟ್ಟುಕೊಂಡು ಹೋದರೆ ಅಮೆರಿಕದವರಿಗೆ ಏನು ಕಷ್ಟ? ಕಷ್ಟವಿದೆ. ಮಾವಿನ ವಾಟೆಯೊಳಗೆ ಒಂದು ಮೂತಿಹುಳು ಅಡಗಿರುತ್ತದೆ. ಹಣ್ಣಿನ ಮೇಲೆ ತೂತಿಲ್ಲ, ಕಲೆಯಿಲ್ಲ, ಹೊರಗಿನಿಂದ ಕಾಣುವುದೇ ಇಲ್ಲ. ಆ ಹುಳು, ಹಣ್ಣಿನ ನೊಣ ತಮ್ಮ ತೋಟಗಳಿಗೆ ಬಂದಾವು ಎಂಬ ಭಯದಿಂದ ಅಮೆರಿಕ ನಮ್ಮ ಮಾವನ್ನು ಬಹುಕಾಲ ದೂರವಿಟ್ಟಿತ್ತು. 2007ರಲ್ಲಿ ಬಾಗಿಲು ತೆರೆಯಿತು, ಒಂದು ಷರತ್ತಿನ ಮೇಲೆ: ಹಣ್ಣಿಗೆ ಗೊತ್ತಾದ ಪ್ರಮಾಣದಲ್ಲಿ ವಿಕಿರಣ ಕೊಟ್ಟು, ಒಳಗಿನ ಹುಳು ಬೆಳೆದು ಮರಿ ಮಾಡದಂತೆ ಮಾಡಿರಬೇಕು. ಹಣ್ಣಿನಲ್ಲಿ ಆ ಕಿರಣ ಉಳಿಯುವುದಿಲ್ಲ. ಅಂಥ ಒಂದು ಕೇಂದ್ರ ಇರುವುದು ಎಲ್ಲಿ ಗೊತ್ತೆ? ನಮ್ಮ ಮಾಲೂರಿನಲ್ಲಿ! ಹಣ್ಣು ಅಲ್ಲಿಂದ ಪೆಟ್ಟಿಗೆಗಳಲ್ಲಿ ಮುದ್ರೆ ಹಾಕಿಸಿಕೊಂಡು ಹೋಗುತ್ತದೆ. ಅಜ್ಜಿಯ ಚೀಲದಲ್ಲಿ ಹೋಗುವಂತಿಲ್ಲ. ಹಸಿ ಕರಿಬೇವಿಗೂ ಅಮೆರಿಕದಲ್ಲಿ ಇದೇ ಗತಿ. ಅದರ ಎಲೆಯ ಮೇಲೆ ಬರುವ ಸಣ್ಣ ಕೀಟ ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹಚ್ಚುತ್ತದೆ.

ಚಕ್ಕುಲಿ, ಕೋಡುಬಳೆ, ಮಾವಿನ ತಾಂಡ್ರ ಒಂದಿಷ್ಟು ಇಟ್ಟುಕೊಂಡರೂ ಅಲ್ಲಿ ಇಳಿದಾಗ ತಿಂಡಿ ಇದೆಯೇ ಎಂದು ಕೇಳಿದರೆ ಇದೆ ಎನ್ನಬೇಕು. ಇದೆ ಎಂದರೆ ಹೆಚ್ಚೆಂದರೆ ತೆಗೆದು ಬುಟ್ಟಿಗೆ ಹಾಕುತ್ತಾರೆ. ಇಲ್ಲ ಎಂದು ಹೇಳಿ ಸಿಕ್ಕಿಬಿದ್ದರೆ ದಂಡ. ಭಾಷೆ ಬಾರದ ಅಜ್ಜಿಗೆ ಒಂದು ಚೀಟಿಯಲ್ಲಿ ತಿಂಡಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ. ಚಕ್ಕುಲಿಗೆ ಇಂಗ್ಲಿಷ್ ಏನು ಎಂದು ತಲೆ ಕೆಡಿಸಿಕೊಳ್ಳಬೇಡಿ, ಅಕ್ಕಿಹಿಟ್ಟಿನ ಕರಿದ ತಿಂಡಿ ಎಂದರೆ ಸಾಕು.

ರಾಗಿಹಿಟ್ಟು, ಹುರುಳಿಕಾಳು, ಬೇಳೆ ಇವು ನಮ್ಮವರು ಹೆಚ್ಚಾಗಿರುವ ಊರುಗಳ ಅಂಗಡಿಗಳಲ್ಲಿ ಸಿಗುತ್ತವೆ. ಅಂಗಡಿಯಲ್ಲಿ ಸಿಗದಿರುವುದು ಅಜ್ಜಿಯ ಅಳತೆ: ಬಸ್ಸಾರಿಗೆ ಎಷ್ಟು ಬೆಳ್ಳುಳ್ಳಿ, ಮುದ್ದೆಗೆ ಎಷ್ಟು ನೀರು. ಅದನ್ನು ಮೊಮ್ಮಕ್ಕಳು ಕೇಳಿ ಕೇಳಿ ಒಂದು ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಬರೆದು ಚೀಲಕ್ಕೆ ಹಾಕಿ. ಪುಸ್ತಕ ನೂರು ಗ್ರಾಂ ಕೂಡ ಬರುವುದಿಲ್ಲ.

ಒಂದು ಖಡಾಖಂಡಿತ ಮಾತು. ಬೀದಿಯವರು, ನೆಂಟರು, ನೆಂಟರ ಗೆಳೆಯರು ತಂದುಕೊಡುವ “ಚಿಕ್ಕದೊಂದು ಪಾರ್ಸೆಲ್ಲು” ಬೇಡ. ಅಂಟುಪಟ್ಟಿ ಸುತ್ತಿ ಮುಚ್ಚಿದ ಪೊಟ್ಟಣವಂತೂ ಬೇಡವೇ ಬೇಡ. ಈ ಚೀಲ ಕಟ್ಟಿದವರು ಯಾರು ಎಂದು ವಿಮಾನ ನಿಲ್ದಾಣದಲ್ಲಿ ಕೇಳಿದರೆ, ಒಳಗಿರುವುದಕ್ಕೆಲ್ಲ ಹೊಣೆ ಚೀಲ ಹಿಡಿದವರದೇ. ಬೇಡ ಎನ್ನಲು ತಾತ ಅಜ್ಜಿಯರಿಗೆ ದಾಕ್ಷಿಣ್ಯ. ಬೆನ್ನಿಗೆ ಹಾಕುವ ಸಣ್ಣ ಚೀಲದ ದೊಡ್ಡ ಉಪಕಾರ ಇಲ್ಲಿದೆ. “ಇಷ್ಟೇ ನೋಡಪ್ಪ, ಜಾಗ ಎಲ್ಲಿದೆ?” ಎಂದು ತೋರಿಸಿದರೆ ಬಂದವರು ಕಾಫಿ ಕುಡಿದು ಹೊರಡುತ್ತಾರೆ.

ಹೊರಡುವುದಕ್ಕೆ ಒಂದು ವಾರ ಮುಂಚೆ ಚೀಲವನ್ನು ಪೂರ್ತಿ ಕಟ್ಟಿ, ಅಜ್ಜಿಯ ಬೆನ್ನಿಗೆ ಹಾಕಿ, ವಿಮಾನಕ್ಕೆ ಹಾಕಿಕೊಳ್ಳುವ ಚಪ್ಪಲಿಯಲ್ಲೇ ಒಂದು ನಡಿಗೆ ನಡೆಸಿ. ಕೆರೆ ಕಟ್ಟೆಯ ಮೇಲೆ ಒಂದು ಸುತ್ತು, ಇಲ್ಲವೇ ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗಿ ವಾಪಸು. ಕೋಲಾರದವರು ಉತ್ಸಾಹದಲ್ಲಿ ಅಂತರಗಂಗೆಯ ಮೆಟ್ಟಿಲು ಹತ್ತಿಸಬೇಡಿ, ಅಷ್ಟು ಬೇಕಿಲ್ಲ. ಜೊತೆಗೆ ನೀವೂ ನಡೆಯಿರಿ, ಗಡಿಯಾರ ನೋಡಿಕೊಳ್ಳಿ. ಇಪ್ಪತ್ತು ನಿಮಿಷದಲ್ಲಿ ಅಜ್ಜಿ ಎರಡು ಸಲಕ್ಕಿಂತ ಹೆಚ್ಚು ಪಟ್ಟಿ ಸರಿಮಾಡಿಕೊಂಡರೆ ಮನೆಗೆ ಬಂದು ಅರ್ಧ ಕಿಲೋ ತೆಗೆಯಿರಿ. ಏನು ತೆಗೆದಿರಿ, ಕೊನೆಗೆ ಎಷ್ಟು ತೂಗಿತು ಎಂಬುದನ್ನು ನಮಗೆ ಕಾರ್ಡಿನಲ್ಲಿ ಬರೆದು ಕಳಿಸಿ. ಕುಟ್ಟಾಣಿಗಿಂತ ವಿಚಿತ್ರವಾದದ್ದು ಯಾರ ಅಜ್ಜಿಯ ಚೀಲದಲ್ಲಾದರೂ ಸಿಕ್ಕಿದ್ದರೆ ಅದನ್ನು ಮೊದಲು ಅಚ್ಚುಹಾಕುತ್ತೇವೆ.