ಮಲಗೋ ಹುಳ, ನಿದ್ದೆ ಇಲ್ಲದ ಹುಳ

ಹೊಲದ ಮಾತು – 7
📍ಕುಪ್ಪೇಲೂರು, ರಾಣೆಬೆನ್ನೂರು ತಾಲೂಕು

ಮೊದಲ ಫೋಟೋ ಶೇಂಗಾದ ಕೆಂಪು ಕಂಬಳಿಹುಳ. ಸ್ವೈಪ್ ಮಾಡ್ರಿ, ಎರಡನೇದು ಗೋವಿನಜೋಳದ ಸುಳಿ ತಿನ್ನೋ ಫಾಲ್ ಸೈನಿಕ ಹುಳ. ಬಾಲದ ಹತ್ತಿರ ಚೌಕಾಗಿ ನಾಲ್ಕು ಚುಕ್ಕಿ ಕಾಣ್ತಾವಲ್ಲ, ಅದೇ ಗುರುತು. ಯಾವುದು ಬಂದರೂ ‘ಹುಳ ಬಿದ್ದೈತಿ’ ಅಂತೀವಿ, ಅದೇ ಪಂಪು ಹೆಗಲಿಗೆ ಏರಿಸ್ತೀವಿ. ನನ್ನ ತಕರಾರು ಇರೋದು ಇಲ್ಲೇ.

🐛 ಕಂಬಳಿಹುಳ ನಮ್ಮದೇ ನೆಲದ್ದು. ಬೆಳೆ ತಿಂದಾದ ಮೇಲೆ ಮಣ್ಣಿಗಿಳಿದು, ಕೋಶವಾಗಿ ತಿಂಗಳುಗಟ್ಟಲೆ ಮಲಗುತ್ತದೆ. ಮುಂಗಾರಿನ ಮೊದಲ ಜೋರು ಮಳೆಗೆ ಪತಂಗವಾಗಿ ಏಳುತ್ತದೆ. ಗ್ರೀನ್‌ಲ್ಯಾಂಡಿನ ಟಂಡ್ರಾ ಹಿಮಬಯಲಿನಲ್ಲೂ ಇಂಥದೇ ಮೈತುಂಬ ಕೂದಲಿನ ಹುಳ ಐತಿ. ಚಳಿಗಾಲವಿಡೀ ಹೆಪ್ಪುಗಟ್ಟಿ ಮಲಗುತ್ತದೆ, ಬೇಸಿಗೆಯ ಕೆಲವೇ ವಾರ ಎಲೆ ತಿನ್ನುತ್ತದೆ. ಪತಂಗ ಆಗೋಕೆ ಸುಮಾರು 7 ವರ್ಷ! ಅಲ್ಲಿ ಚಳಿ, ಇಲ್ಲಿ ಬಿಸಿಲು. ಕಷ್ಟಕಾಲವನ್ನು ಮಲಗಿ ಕಳೆಯೋ ಉಪಾಯ ಮಾತ್ರ ಒಂದೇ.

🌽 ಸೈನಿಕ ಹುಳಕ್ಕೆ ಆ ವಿದ್ಯೆ ಇಲ್ಲ. ಅದು ಅಮೆರಿಕ ಖಂಡದ್ದು. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಪ್ರತಿ ಚಳಿಗಾಲಕ್ಕೂ ಸತ್ತುಹೋಗುತ್ತದೆ. ಮುಂದಿನ ವರ್ಷ ಫ್ಲೋರಿಡಾ, ಟೆಕ್ಸಾಸ್ ಕಡೆಯಿಂದ ಮತ್ತೆ ಹಾರಿ ಬರಬೇಕು. ನಮ್ಮಲ್ಲಿ ಅದನ್ನು ಕೊಲ್ಲುವಷ್ಟು ಚಳಿ ಇಲ್ಲ. ಬಿಸಿ ಹವೆಯಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ತಲೆಮಾರು. ಅದಕ್ಕೆ ಬೇಕಾದ್ದು ವರ್ಷಪೂರ್ತಿ ಹಸಿರು. ಮುಂಗಾರಿಗೂ ಗೋವಿನಜೋಳ, ಬೋರಿನ ನೀರಿಗೆ ಬೇಸಿಗೆಗೂ ಗೋವಿನಜೋಳ ಬಿತ್ತಿದ್ರ ಆ ಊಟ ಬಡಿಸೋರು ನಾವೇ ಅಲ್ಲೇನ್ರಿ?

ಹಂಗಾಗಿ ಮದ್ದೂ ಬೇರೆ ಬೇರೆ. ಮಲಗೋ ಹುಳಕ್ಕೆ ಬೇಸಿಗೆಯ ಆಳದ ಉಳುಮೆ: ಕೋಶ ಮೇಲೆ ಬಂದ್ರ ಬಿಸಿಲು, ಹಕ್ಕಿ ಕೂಡಿ ಕೆಲಸ ಮುಗಿಸ್ತಾವು. ನಿದ್ದೆ ಇಲ್ಲದ್ದಕ್ಕೆ ಉಪವಾಸ: ಊರೆಲ್ಲ ಒಟ್ಟಿಗೆ ಬಿತ್ತಬೇಕು, ಬೇಸಿಗೆಯಲ್ಲಿ ಒಂದೆರಡು ತಿಂಗಳಾದರೂ ಗೋವಿನಜೋಳ, ಬಿಳಿಜೋಳ ಎರಡೂ ಇಲ್ಲದ ಬಿಡುವು ಬೇಕು. ಚಳಿ ಮಾಡದ ಕೆಲಸವನ್ನು ಆ ಬಿಡುವು ಮಾಡುತ್ತದೆ. ಈ ಪತಂಗ ಬಹಳ ದೂರ ಹಾರುತ್ತದೆ, ಒಬ್ಬರೇ ಹೊಲ ಬಿಟ್ಟರೆ ಸಾಲದು.

ಬೇಸಿಗೆ ಬೆಳೆಯ ರೊಕ್ಕ ಬಿಡೋದು ಸುಲಭ ಅಲ್ಲ, ಖರೆ. ಆದ್ರ ಆ ರೊಕ್ಕದಾಗ ಔಷಧಿ ಅಂಗಡಿಗೆ ಹೋದದ್ದೆಷ್ಟು, ಒಮ್ಮೆ ಲೆಕ್ಕ ಹಾಕ್ರಿ. ಬೋರಿದ್ದವರು, ಇಲ್ಲದವರು ಒಂದೇ ಕಟ್ಟಿ ಮ್ಯಾಲೆ ಕುಂತು ತೀರ್ಮಾನ ಮಾಡೋ ವಿಷಯ ಇದು.

ನಿಮ್ಮೂರಾಗ ಇದು ಆಗೋ ಮಾತಾ? ಕಾಮೆಂಟಿನಾಗ ಹೇಳ್ರಿ 👇

#ಹೊಲದಮಾತು #ಗೋವಿನಜೋಳ #ಹಾವೇರಿ