ಕಲ್ಪನೆಯೆಂದರೆ ಸುಳ್ಳೇ?

‘ಅದೆಲ್ಲ ಬರಿಯ ಕಲ್ಪನೆ’ ಎಂದು ತೀರ್ಪು ಕೊಟ್ಟುಬಿಡುವುದು ಈಗ ಬಲು ಸುಲಭವಾಗಿದೆ. ಈ ‘ಬರಿಯ’ ಎಂಬ ಮಾತಿನೊಡನೆಯೇ ನನ್ನ ಜಗಳ.

ಪುರಾಣ ಕಾವ್ಯಗಳ ವಿಚಾರದಲ್ಲಿ ನಮ್ಮಲ್ಲಿ ಎರಡು ಪಕ್ಷಗಳುಂಟು. ಒಂದು ಪಕ್ಷದವರು ಗ್ರಹನಕ್ಷತ್ರಗಳ ಲೆಕ್ಕ ಹಾಕಿ ರಾಮ ಹುಟ್ಟಿದ ದಿನವನ್ನು ನಿಗದಿಮಾಡಿ, ‘ನೋಡಿ, ಇದು ಕಲ್ಪನೆಯಲ್ಲ, ಚರಿತ್ರೆ’ ಎನ್ನುತ್ತಾರೆ. ಇನ್ನೊಂದು ಪಕ್ಷದವರು, ‘ಆಧಾರವೆಲ್ಲಿ? ಎಲ್ಲ ಕಟ್ಟುಕಥೆ’ ಎಂದು ನಗುತ್ತಾರೆ. ಇವರು ಬದ್ಧವೈರಿಗಳೆಂದು ಲೋಕ ನಂಬಿದೆ. ನನಗಾದರೋ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಕಲ್ಪಿಸಿದ್ದು ಸತ್ಯವಾಗಲಾರದು ಎಂಬುದರಲ್ಲಿ ಇಬ್ಬರಿಗೂ ಏಕಾಭಿಪ್ರಾಯ.

ತಪ್ಪಿಗೆ ಶಬ್ದವೂ ಸ್ವಲ್ಪ ಕಾರಣ. ವೇದಾಂತದಲ್ಲಿ ‘ಕಲ್ಪಿತ’ವೆಂದರೆ ಹಗ್ಗದಲ್ಲಿ ಕಂಡ ಹಾವು, ಇಲ್ಲದ್ದನ್ನು ಇದೆಯೆಂದು ಹೊರಿಸಿದ್ದು. ಆ ಕಳಂಕ ಕಾವ್ಯಕ್ಕೂ ಅಂಟಿತು. ಆದರೆ ಆಲಂಕಾರಿಕರು ನೆಚ್ಚಿದ ಮಾತು ‘ಪ್ರತಿಭೆ’. ಭಟ್ಟತೌತ ಅದನ್ನು ಪ್ರಜ್ಞೆಯ ಒಂದು ಬಗೆಯೆಂದೇ ಎಣಿಸಿದ, ಭ್ರಮೆಯ ಬಗೆಯೆಂದಲ್ಲ. ಅವನ ಶಿಷ್ಯ ಅಭಿನವಗುಪ್ತ ಧ್ವನ್ಯಾಲೋಕಕ್ಕೆ ‘ಲೋಚನ’ ಬರೆದ ಕೈಯಿಂದಲೇ ಪ್ರತ್ಯಭಿಜ್ಞಾದರ್ಶನಕ್ಕೂ ವ್ಯಾಖ್ಯಾನ ಬರೆದ.

ಕಲ್ಪನೆ ಕವಿಗೆ, ಸತ್ಯ ತತ್ತ್ವಜ್ಞಾನಿಗೆ ಎಂಬ ಪಾಲುಪಟ್ಟಿ ನಿಲ್ಲುವುದಿಲ್ಲ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಕವಿಗಳನ್ನು ಊರ ಹೊರಗೆ ಕಳಿಸುತ್ತಾನೆ. ಅದೇ ಭಾಗವನ್ನು ಮುಗಿಸುವುದು ಮಾತ್ರ ಸತ್ತು ಎದ್ದುಬಂದ ಏರ್ ಎಂಬ ಯೋಧನ ಕಥೆಯಿಂದ! ಏಳನೆಯ ಭಾಗದ ಗವಿಯನ್ನಂತೂ ಯಾವ ಕವಿಯೂ ಕಟ್ಟಿಕೊಡಲಿಲ್ಲ, ಅವನೇ ಕಟ್ಟಿದ. ದೃಷ್ಟಾಂತ ಮಂದಬುದ್ಧಿಯವರಿಗಾಗಿ ಎಂದು ಪಂಡಿತರು ಹೇಳಿಯಾರು. ಗೌಡಪಾದರು ತಿರುಗುವ ಕೊಳ್ಳಿಯನ್ನು ತೋರಿಸುತ್ತಾರಲ್ಲ, ಆ ಬೆಂಕಿಯ ಚಕ್ರವನ್ನು ಮನಸ್ಸಿನಲ್ಲಿ ಕಾಣದೆ ಅವರ ವಾದವನ್ನು ಅರಿತವರು ಯಾರಿದ್ದಾರೆ?

ನಮ್ಮ ಪಂಪನ ‘ಆದಿಪುರಾಣ’ವನ್ನೇ ನೋಡಿ. ಆಯುಸ್ಸು ತೀರಲಿರುವ ನೀಲಾಂಜನೆಯನ್ನು ಇಂದ್ರ ಆದಿದೇವನ ಸಭೆಯಲ್ಲಿ ಕುಣಿಯಲು ಕಳಿಸುತ್ತಾನೆ. ಕುಣಿಯುತ್ತಿದ್ದಂತೆಯೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂತಹವಳನ್ನೇ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯದು. ತಾಳ ತಪ್ಪುವುದಿಲ್ಲ, ತಲೆದೂಗುವವರು ದೂಗುತ್ತಲೇ ಇದ್ದಾರೆ. ಆದಿದೇವನೊಬ್ಬನೇ ಕಂಡ. ದೇಹ ಅನಿತ್ಯವೆಂಬ ಮಾತನ್ನು ಹರಿಕಥೆಯಲ್ಲಿ, ಹೆಣದ ಮುಂದೆ ಎಷ್ಟು ಸಲ ಕೇಳಿ ಮನೆಗೆ ಬಂದು ಉಂಡಿಲ್ಲ ನಾವು! ಪಂಪ ಹೇಳುವುದು ಬೇರೆ: ಸಾವು ನಡೆದುಹೋದರೂ ಸಭೆಗೆ ಅದು ಕಾಣುವುದಿಲ್ಲ, ಆಟ ಸಾಗಿಯೇ ಇರುತ್ತದೆ. ಈ ಭಯಂಕರವಾದ ವಿಚಾರ ಆ ಎರಡನೆಯ ನರ್ತಕಿಯಿಲ್ಲದೆ ಹುಟ್ಟುವುದೇ ಇಲ್ಲ. ಕಥೆಯ ಬೀಜ ಜಿನಸೇನರ ಸಂಸ್ಕೃತ ಪುರಾಣದ್ದು, ನಿಜ. ಅದರಿಂದ ನನ್ನ ಮಾತಿಗೇನೂ ಕುಂದಿಲ್ಲ. ಅವಳು ಯಾವ ಶತಮಾನದವಳು ಎಂದು ಕೇಳುವವನಿಗೂ ಅವಳು ಇರಲೇ ಇಲ್ಲವೆಂದು ಸಾಧಿಸುವವನಿಗೂ ನಾನು ಏನೆಂದು ಉತ್ತರ ಕೊಡಲಿ?

ನಮ್ಮ ಪ್ರಶ್ನಪತ್ರಿಕೆಗಳೋ, ‘ನೀಲಾಂಜನೆಯ ಪ್ರಸಂಗವನ್ನು ಸಂಗ್ರಹಿಸಿ ಬರೆಯಿರಿ’ ಎನ್ನುತ್ತವೆ. ಹುಡುಗರು ಸಂಗ್ರಹಿಸುತ್ತಾರೆ, ನಾವು ಅಂಕ ಕೊಡುತ್ತೇವೆ. ಕಾಣುವುದನ್ನು ಕಲಿಸಿದವರು ಯಾರೂ ಇಲ್ಲ.

ಕಲ್ಪನೆ ಕೇಡನ್ನೂ ಮಾಡೀತು, ಒಪ್ಪಿದೆ. ಒಬ್ಬ ಶೂದ್ರ ತಪಸ್ಸು ಮಾಡಿದ್ದರಿಂದ ಬ್ರಾಹ್ಮಣನ ಮಗು ಸತ್ತಿತೆಂಬುದೂ ಕಲ್ಪನೆಯೇ. ಅದನ್ನು ಶತಮಾನಗಳ ಕಾಲ ಜನ ನಂಬಿದರು. ಶಾಸನ ಶೋಧಿಸಿ ಅದನ್ನು ಅಳಿಸಲು ಬಾರದು. ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಅದಕ್ಕೆ ಎದುರಾಗಿ ಇನ್ನೊಂದನ್ನು ಕಲ್ಪಿಸಿದರು: ಅಲ್ಲಿ ರಾಮನ ಅಸ್ತ್ರ ಶಂಬೂಕನನ್ನು ಕೊಲ್ಲುವುದಿಲ್ಲ, ಕೊನೆಗೆ ತಲೆಬಾಗುವವನು ಬ್ರಾಹ್ಮಣ. ನಮ್ಮ ಮೊದಲ ಪಕ್ಷದವರಿಗೆ ಇದು ಮೂಲಕ್ಕೆ ಮಾಡಿದ ಅಪಚಾರ. ಎರಡನೆಯವರಿಗೆ, ಸುಳ್ಳು ಕಥೆಗೆ ಸುಮ್ಮನೆ ಹಾಕಿದ ತೇಪೆ. ಆ ನಾಟಕವನ್ನು ಓದಿದ ಹುಡುಗನೊಬ್ಬನಿಗೆ ಮಾತ್ರ ವಾಲ್ಮೀಕಿಯ ಹೆಸರಿನಲ್ಲಿರುವ ಆ ಉತ್ತರಕಾಂಡವನ್ನು ಮೊದಲಿನಂತೆ ಓದಲು ಆಗುವುದಿಲ್ಲ.