ಬಿರುಕು ಬಿಟ್ಟ ಗೇರ್ ಸೈಕಲ್ಲು

ಸೈಕಲ್ಲಿನ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಂಡರೆ, ಅದು ಬಣ್ಣಕ್ಕೆ ಬಿದ್ದ ಗೀರೋ ಲೋಹಕ್ಕೆ ಬಿದ್ದ ಬಿರುಕೋ ಎಂದು ಮೊದಲು ತಿಳಿದುಕೊಳ್ಳಬೇಕು. ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ಗೆರೆಗೆ ಅಡ್ಡಲಾಗಿ ಉಗುರು ಆಡಿಸಿ. ಹತ್ತಿಯ ಉಂಡೆ ಸವರಿದಾಗ ಎಳೆ ಸಿಕ್ಕಿಕೊಂಡರೆ ಅನುಮಾನ ಬಲವಾಯಿತು. ಆಮೇಲೆ ಮರಳು ಕಾಗದದಿಂದ ಆ ಜಾಗದ ಬಣ್ಣವನ್ನಷ್ಟೇ ತೆಗೆಯಿರಿ. ಬಣ್ಣದ ಜೊತೆ ಗೆರೆಯೂ ಹೋದರೆ ಚಹಾ ಕುಡಿದು ಸುಮ್ಮನಿರಿ. ಬಿಳಿ ಲೋಹದ ಮೇಲೂ ಉಳಿದರೆ ಆ ಸೈಕಲ್ಲನ್ನು ಅಂದಿನಿಂದಲೇ ಹತ್ತಬೇಡಿ.

ನಮ್ಮ ಕಾಲದ ಕಪ್ಪು ಸೈಕಲ್ಲುಗಳಿಗೆ ಈ ಚಿಂತೆ ಇರಲಿಲ್ಲ. ಅವು ಉಕ್ಕಿನವು. ಮುರಿದರೆ ಬಸ್ ಸ್ಟ್ಯಾಂಡಿನ ಪಕ್ಕದ ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಹೊತ್ತೊಯ್ದರೆ, ಆತ ಪೈಪನ್ನು ಕೆಂಪಗೆ ಕಾಯಿಸಿ ಹಿತ್ತಾಳೆ ಹರಿಸಿ ಕೂಡಿಸುತ್ತಿದ್ದ. ಮತ್ತೆ ಹತ್ತು ವರ್ಷ ಹಾಲಿನ ಕ್ಯಾನು ಹೊರುತ್ತಿತ್ತು. ಈಗ ಮಕ್ಕಳು ಆಸೆಪಡುವುದು ದಪ್ಪ ಟೈರಿನ, ಗೇರಿನ ಮೌಂಟನ್ ಬೈಕು. ಅವುಗಳಲ್ಲಿ ಅನೇಕಕ್ಕೆ ಫ್ರೇಮು ಅಲ್ಯುಮಿನಿಯಂ. ಉಕ್ಕಿನ ಮೂರನೇ ಒಂದರಷ್ಟು ತೂಕದ ಲೋಹ, ತುಕ್ಕು ಹಿಡಿಯುವುದಿಲ್ಲ, ಎತ್ತಿ ಮೂರನೇ ಮಹಡಿಗೆ ಒಯ್ಯಬಹುದು. ಆದರೆ ಇದರ ಸ್ವಭಾವವೇ ಬೇರೆ.

ಮೂವತ್ತು ಚಿಲ್ಲರೆ ವರ್ಷ ಲೆಡ್ಜರು ಬರೆದವನ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಉಕ್ಕು ಧಾರಾಳಿ. ಒಂದು ಮಿತಿಯೊಳಗಿನ ಪೆಟ್ಟನ್ನು ಎಷ್ಟು ಲಕ್ಷ ಸಲ ಕೊಟ್ಟರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಯುಮಿನಿಯಂ ಪಾಸ್‌ಬುಕ್ಕಿನಲ್ಲಿ ಮಾತ್ರ ನಯಾಪೈಸೆಯೂ ಖರ್ಚಿಗೆ ಬೀಳುತ್ತದೆ. ಪ್ರತಿ ಗುಂಡಿ, ಪ್ರತಿ ಹಂಪ್ ಒಂದೊಂದು ನಮೂದು. ಶಿಲ್ಕು ತೀರಿದ ದಿನ ಬಿರುಕು. ಒಳ್ಳೆಯ ತಯಾರಕರು ಈ ಶಿಲ್ಕನ್ನು ಧಾರಾಳವಾಗಿಯೇ ಇಟ್ಟಿರುತ್ತಾರೆ, ಅದಕ್ಕೇ ಹೆಚ್ಚಿನ ಫ್ರೇಮುಗಳು ವರ್ಷಗಟ್ಟಲೆ ಬಾಳುತ್ತವೆ.

ಲೋಹದ ಈ ದಣಿವನ್ನು ಜಗತ್ತು ಕಲಿತದ್ದು ದೊಡ್ಡ ಬೆಲೆ ಕೊಟ್ಟು. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಎಂಬ ಜೆಟ್ ವಿಮಾನಗಳೆರಡು ಮೂರು ತಿಂಗಳ ಅಂತರದಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದು ಬಿದ್ದವು. ಒಬ್ಬರೂ ಉಳಿಯಲಿಲ್ಲ. ಕಾರಣ ಹುಡುಕಲು ಫಾರ್ನ್‌ಬರೋದ ತಜ್ಞರು ಇನ್ನೊಂದು ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಹಾರಾಟದಲ್ಲಿ ಬೀಳುವಷ್ಟೇ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಆ ವಿಮಾನ ಅದಾಗಲೇ ಹಾರಿದ್ದನ್ನೂ ಸೇರಿಸಿ ಸುಮಾರು ಮೂರು ಸಾವಿರ ಸಲಕ್ಕೆ ಕಿಟಕಿಯ ಮೂಲೆಯಿಂದ ಬಿರುಕು ಹೊರಟಿತು. ಅದೂ ಅಲ್ಯುಮಿನಿಯಂ ಮೈಯೇ.

ಈಗ ನಮ್ಮ ಓಣಿಗೆ ಬರೋಣ. ಎದುರು ಮನೆಯ ಒಂಬತ್ತನೇ ತರಗತಿಯ ಹುಡುಗಿ ನಾಲ್ಕು ಕಿಲೋಮೀಟರು ದೂರದ ಶಾಲೆಗೆ ಸೈಕಲ್ಲಿನಲ್ಲೇ ಹೋಗುವವಳು. ಆ ಹೊತ್ತಿಗೆ ಬಸ್ಸಿಲ್ಲ. ಅಪ್ಪ ಕಾಲೇಜು ಹುಡುಗನೊಬ್ಬನಿಂದ ಹಳೆಯದಾಗಿ ಕೊಂಡ ಗೇರ್ ಸೈಕಲ್ಲು; ಬಿಲ್ಲಿಲ್ಲ. ಇದ್ದಿದ್ದರೂ ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವನಿಗಷ್ಟೇ. ಹುಡುಗಿ ಒಂದೇ ವರ್ಷದಲ್ಲಿ ಬೆಳೆದುಬಿಟ್ಟಳು, ಸೀಟನ್ನೂ ಮೇಲೆ ಮೇಲೆ ಏರಿಸುತ್ತಾ ಹೋದಳು. ಸೀಟಿನ ಕಂಬದ ಮೇಲೆ ಒಂದು ಅಡ್ಡ ಗೆರೆ ಕೊರೆದಿರುತ್ತದೆ, ಅದು ಫ್ರೇಮಿನ ಒಳಗೇ ಇರಬೇಕೆಂಬ ಸೂಚನೆ. ಇವಳದು ಮೂರು ಬೆರಳು ಹೊರಗಿತ್ತು. ಕಂಬ ಒಳಗೆ ಗಿಡ್ಡವಾದಷ್ಟೂ, ಕೂತವರ ಭಾರ ಹಾರೆ ಮೀಟಿದಂತೆ ಪೈಪಿನ ಬಾಯನ್ನು ಮೀಟುತ್ತದೆ. ಬಿರುಕು ಸರಿಯಾಗಿ ಅಲ್ಲೇ, ಮೇಲಿನ ಅಡ್ಡ ಪೈಪು ಬಂದು ಸೇರುವ ಬೆಸುಗೆಯ ಪಕ್ಕ, ಎರಡು ಸೆಂಟಿಮೀಟರಿನಷ್ಟು.

"ವೆಲ್ಡಿಂಗ್ ಮಾಡಿಸಿದರೆ ಆಯಿತಲ್ಲ ಸಾರ್?" ಎಂದರು ಅವಳಪ್ಪ.

ಆಗುತ್ತದೆ, ಎಲ್ಲರ ಕೈಯಲ್ಲೂ ಅಲ್ಲ. ಉಕ್ಕು ಕರಗುವ ಮೊದಲು ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯುಮಿನಿಯಂ ಬಣ್ಣ ಬದಲಿಸದೆ 660 ಡಿಗ್ರಿಗೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಮೇಲೆ ಬೇಕು. ಒಳಗೆ ನೀರು, ಮೇಲೆ ಗಟ್ಟಿ ಕೆನೆ ಎಂದುಕೊಳ್ಳಿ. ಆದ್ದರಿಂದ ಆರ್ಗಾನ್ ಅನಿಲದ ಮರೆಯಲ್ಲಿ, ಎಸಿ ಕರೆಂಟಿನಲ್ಲಿ ಮಾಡುವ ಟಿಗ್ ವೆಲ್ಡಿಂಗೇ ಆಗಬೇಕು. ಆ ಕರೆಂಟಿನ ಅರ್ಧ ಆವರ್ತನ ಪೊರೆಯನ್ನು ಒಡೆದು ಚೊಕ್ಕಟ ಮಾಡುತ್ತದೆ. ಮೊದಲು ಬಣ್ಣ, ಜಿಡ್ಡು ತೆಗೆದು ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಬೇಕು. ಬಿರುಕಿನ ತುದಿ ಎಲ್ಲಿದೆಯೆಂದು ಖಚಿತ ಮಾಡಿಕೊಂಡು ಅಲ್ಲೊಂದು ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ನಂತರ ಬಿರುಕನ್ನೇ ಕೆತ್ತಿ ಗಾಡಿ ಮಾಡಿ ತುಂಬಬೇಕು. ಪೈಪು ಸೋರಿದಾಗ ಹಚ್ಚುವ ಅಂಟಿನಿಂದ ಬಿರುಕು ಮುಚ್ಚುತ್ತದೆ, ನಿಲ್ಲುವುದಿಲ್ಲ. ಕಾಣದಂತಾಗುವುದರಿಂದ ಇನ್ನೂ ಅಪಾಯ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಸೈಕಲ್ಲಿಗೆ ಹೆಚ್ಚಾಗಿ ಬಳಸುವುದು 6061 ಎಂಬ ಮಿಶ್ರಲೋಹ, ಅಂದರೆ ಅಲ್ಯುಮಿನಿಯಂಗೆ ಚಿಟಿಕೆಯಷ್ಟು ಮೆಗ್ನೀಸಿಯಂ, ಸಿಲಿಕಾನ್. ಕಾರ್ಖಾನೆಯಲ್ಲಿ ಇದನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಸುಮಾರು 170 ಡಿಗ್ರಿಯ ಕುಲುಮೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆಗ ಒಳಗೆ ಕಣ್ಣಿಗೆ ಕಾಣದ ಕಣಗಳು ಮೂಡಿ ಲೋಹ ಗಟ್ಟಿಯಾಗುತ್ತದೆ. ಮೈಸೂರು ಪಾಕಿನ ಹಾಗೆ, ಎಲ್ಲವೂ ಹದದಲ್ಲಿದೆ. ವೆಲ್ಡಿಂಗಿನ ಬೆಂಕಿ ತಗುಲಿದ ಸುತ್ತಿನಲ್ಲಿ ಈ ಹದ ಹೋಗಿ, ಬಲ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ಪಕ್ಕದ ಲೋಹ ಮೆತ್ತಗಾಗಿರುತ್ತದೆ. ಮತ್ತೆ ಹದ ತರಬೇಕಾದರೆ ಇಡೀ ಫ್ರೇಮನ್ನು ಕುಲುಮೆಗೆ ಇಟ್ಟು, ಸೊಟ್ಟಗಾದದ್ದನ್ನು ನೇರ ಮಾಡಬೇಕು. ಅಂಥ ಏರ್ಪಾಟು ನಮ್ಮೂರಿನಲ್ಲಿಲ್ಲ. ಕೆಲವು ಫ್ರೇಮುಗಳ ಮೇಲೆ 7005 ಎಂದು ಬರೆದಿರುತ್ತದೆ. ಅದರಲ್ಲಿ ಸತು ಬೆರೆತಿದೆ, ವೆಲ್ಡಿಂಗಿನ ನಂತರ ವಾರಗಟ್ಟಲೆ ಸುಮ್ಮನಿಟ್ಟರೆ ತಾನಾಗಿಯೇ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಫ್ರೇಮಿನ ಚೀಟಿಯನ್ನು ಕಿತ್ತು ಬಿಸಾಡಬೇಡಿ ಎನ್ನುವುದು ಇದಕ್ಕೇ.

ಹುಡುಗಿಯ ಸೈಕಲ್ಲಿನದು 6061. ಆದರೂ ಬಿರುಕು ಸೀಟಿನ ಬುಡದಲ್ಲಿದ್ದದ್ದು ಪುಣ್ಯ. ಕೈಗಾರಿಕಾ ವಸಾಹತುವಿನ ಟಿಗ್ ವೆಲ್ಡಿಂಗಿನವರು ಬೆಸುಗೆ ಹಾಕಿ, ಪೈಪಿನ ಒಳಮೈ ನುಣುಪು ಮಾಡಿಕೊಟ್ಟರು. ಜೊತೆಗೆ ಉದ್ದದ ಹೊಸ ಕಂಬ, ಅಡ್ಡ ಪೈಪಿನ ಸಂದನ್ನು ದಾಟಿ ಒಂದು ಗೇಣು ಕೆಳಗಿಳಿಯುವಂಥದ್ದು. ಈಗ ಭಾರ ಹೊರುವುದು ಬಿರುಕಿನ ಕೆಳಗಿನ ಗಟ್ಟಿ ಪೈಪು. ಕಂಬ ಕೊಳ್ಳುವಾಗ ಅಳತೆ ನೋಡಿ: 27.2, 30.9, 31.6 ಮಿಲಿಮೀಟರು ಎಂದೆಲ್ಲ ಇವೆ, ಹೆಚ್ಚುಕಮ್ಮಿ ಆದರೆ ಮತ್ತೆ ಅದೇ ಕಥೆ. ಹುಡುಗಿಗೆ ಅಪ್ಪ ಹಾಕಿದ ಕರಾರು ಎರಡು. ಹಾರಿಸುವ ಆಟ ಇಲ್ಲ, ಭಾನುವಾರ ಒರೆಸಿ ನೋಡುವುದು. ಮೊದಲನೆಯದಕ್ಕೆ ಮುಖ ಊದಿಸಿದಳು.

ಬಿರುಕು ಹ್ಯಾಂಡಲ್ಲಿನ ಬಳಿ ಇದ್ದಿದ್ದರೆ ನಾನು ವೆಲ್ಡಿಂಗಿನ ಮಾತೇ ಎತ್ತುತ್ತಿರಲಿಲ್ಲ. ಮುಂದಿನ ಕೊಳವೆಗೆ ಕೆಳಗಿನ ದಪ್ಪ ಪೈಪು ಸೇರುವ ಜಾಗ ಕಳಚಿದರೆ ಇಳಿಜಾರಿನಲ್ಲಿ ಬ್ರೇಕು ಹಿಡಿದ ಮಗುವಿಗೆ ಕೈಯೂರಲೂ ಸಮಯ ಸಿಗುವುದಿಲ್ಲ. ಅಂಥ ಫ್ರೇಮಿನಿಂದ ಚಕ್ರ, ಗೇರು, ಬ್ರೇಕು, ಸೀಟು ಬಿಚ್ಚಿಟ್ಟುಕೊಳ್ಳಿ, ಅವು ಇನ್ನೊಂದು ಫ್ರೇಮಿಗೆ ಆದಾವು. ಉಳಿದದ್ದನ್ನು ಗುಜರಿಗೆ ಹಾಕಿ, ಅಲ್ಯುಮಿನಿಯಂಗೆ ಕಬ್ಬಿಣಕ್ಕಿಂತ ಒಳ್ಳೆಯ ದರವಿದೆ. ಕೊಡುವ ಮೊದಲು ಗರಗಸದಿಂದ ಕೆಳಗಿನ ಪೈಪನ್ನು ಎರಡು ತುಂಡು ಮಾಡಿ ಕೊಡಿ. ಇಲ್ಲದಿದ್ದರೆ ಯಾರಾದರೂ ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಇನ್ನೊಂದು ಮನೆಯ ಮಗುವಿಗೆ ಮಾರಿಯಾರು.